ಕೋವಿಯ ಮೇಲಿನ ಅಂಕಿ

ಹಳೆಯ ಬೇಟೆಕೋವಿಯ ವಯಸ್ಸು ತಿಳಿಯಲು ಮನೆಯವರ ಮಾತಿಗಿಂತ ನಳಿಗೆಯ ಮೇಲಿನ ಅಂಕಿಯನ್ನು ನಂಬುವುದು ಲೇಸು. ಮಿತ್ರರೊಬ್ಬರ ಮನೆಯಲ್ಲಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪೆನಿಯ ಜೋಡುನಳಿಗೆಯ ಕೋವಿಯಿದೆ. “ನಮ್ಮ ತಾತ 1902ರಲ್ಲಿ ತರಿಸಿದ್ದು, ಸ್ವಾಮಿ” ಎಂದರು. ನಳಿಗೆಯ ಮೇಲೆ 465 ಎಂದಿತ್ತು. ನಳಿಗೆಯನ್ನು ಆಮೇಲೆ ಬದಲಿಸಿರದಿದ್ದರೆ ಅದು ಸಾಧ್ಯವಿಲ್ಲವೆಂದೆ.

ಈ ಅಂಕಿ ಅಂಗುಲವನ್ನು ಸಾವಿರ ಭಾಗ ಮಾಡಿದ ಲೆಕ್ಕ. 1898ರಲ್ಲಿ ರಿಗ್ಬಿ ಕಂಪೆನಿ ಹೊರತಂದ 450ರ ತೋಟಾ ದೊಡ್ಡ ಬೇಟೆಯವರಿಗೆ ಬಹುಪ್ರಿಯವಾಗಿತ್ತು. ಆದರೆ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಗುಂಡೂ ಅದೇ ಅಳತೆಯದು. ಬೇಟೆಯ ಗುಂಡು ಬಂಡಾಯಗಾರರ ಕೈಸೇರೀತೆಂದು ಹೆದರಿದ ಸರ್ಕಾರ 1907ರಲ್ಲಿ ಆ ಅಳತೆಯನ್ನು ಭಾರತಕ್ಕೆ ತರಕೂಡದೆಂದಿತು. ಇಲ್ಲಿಯ ಗಿರಾಕಿಗಳನ್ನು ಕಳೆದುಕೊಳ್ಳಲೊಲ್ಲದ ಹಾಲೆಂಡ್ ಕಂಪೆನಿ ಅದೇ ವರ್ಷ 465ರ ತೋಟಾ ತಂದಿತು.

ಮಿತ್ರರ ಮುಖ ಸಣ್ಣದಾಯಿತು. “ಹಾಗಾದರೆ ಬೆಲೆ ಇಳಿಯಿತೆ?” ಎಂದರು. ಇಲ್ಲ, ಕೊಳ್ಳುವವರು ನೋಡುವುದು ತಯಾರಕರ ಹೆಸರನ್ನು, ನಳಿಗೆಯ ಒಳಮೈಯನ್ನು, ಮೂಲ ಭಾಗಗಳು ಉಳಿದಿವೆಯೆ ಎಂಬುದನ್ನು. 1972ರ ವನ್ಯಜೀವಿ ಕಾಯಿದೆಯೊಡನೆ ಹುಲಿಬೇಟೆಯ ಕಾಲ ಮುಗಿಯಿತು. ನನ್ನ ಪಾಲಿಗೆ ಈ ಕೋವಿಯ ಬೆಲೆ ಬೇರೆ: ಸಾಮ್ರಾಜ್ಯವೊಂದು ತಾನಾಳುವ ಜನಕ್ಕೆ ಅಂಜಿದ್ದರ ಗುರುತು ಆ ಮೂರು ಅಂಕಿಗಳಲ್ಲಿ ಉಳಿದಿದೆ.