ಬೀಗ ಹಾಕಿದ ಕನ್ನಡ: ಕೊಡೇಕಲ್ ಬಸವಣ್ಣ

ಹಾಲುರಾಮೇಶ್ವರ ಕ್ಷೇತ್ರದಲ್ಲಿ ಭಕ್ತರು ಮುಂದಿನ ಸುದ್ದಿಯನ್ನು ಗಂಗಮ್ಮನ ಕೊಳದಲ್ಲಿ ಕೇಳುತ್ತಾರೆ. ಬಾಳೆಹಣ್ಣೋ ಬಳೆಯೋ ತೇಲಿ ಬಂದರೆ ಅದೇ ಉತ್ತರ. ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಭವಿಷ್ಯ ತೇಲಿ ಬರುವುದಿಲ್ಲ, ಅಕ್ಷರದೊಳಗೆ ಅಡಗಿ ಕೂತಿದೆ.

16ನೇ ಶತಮಾನದ ಅನುಭಾವಿ ಕೊಡೇಕಲ್ ಬಸವಣ್ಣ ಮುಂದಾಗುವುದನ್ನು ನುಡಿಯುವ ಕಾಲಜ್ಞಾನದ ವಚನಕಾರ. ಅವನ ಪರಂಪರೆಯ ಹಸ್ತಪ್ರತಿಗಳಲ್ಲಿ ‘ಅಮರಗನ್ನಡ’ ಎಂಬ ಗೂಢಬರಹವಿದೆ. ಕನ್ನಡ ಬಲ್ಲವರೂ ಅದರ ಕೀಲಿ ತಿಳಿಯದೆ ಒಂದು ಸಾಲು ದಾಟಲಾರರು. ಗುಟ್ಟು ಕಾಯಲು ಇದಕ್ಕಿಂತ ಗಟ್ಟಿ ಬೀಗ ಬೇಕೆ?

ಕಲ್ಯಾಣದ ಬಸವಣ್ಣನೇ ಇವನಾಗಿ ಮರಳಿ ಬಂದನೆಂದು ಒಕ್ಕಲಿನವರ ನಂಬಿಕೆ. ಶರಣ, ಸೂಫಿ ದಾರಿಗಳನ್ನು ಬೆರೆಸಿದ ಅವನ ಪಂಥ ಮಡಿವಂತರಿಗೆ ಹಿಡಿಸುವಂಥದ್ದಲ್ಲ. ಹಿಂದೂಗಳೂ ಮುಸ್ಲಿಮರೂ ಅವನಿಗೆ ನಡೆದುಕೊಳ್ಳುತ್ತಾರೆ.

ದಕ್ಷಿಣ ಕರ್ನಾಟಕದ ಮಂಟೇಸ್ವಾಮಿ ಪರಂಪರೆಗೂ ಕೊಡೇಕಲ್ಲಿಗೂ ನಂಟು ಕಾಣುವ ವಿದ್ವಾಂಸರಿದ್ದಾರೆ. ಮಂಟೇಸ್ವಾಮಿ ಪರಂಪರೆಯ ಗಾಯಕರಾದ ನೀಲಗಾರರು ತಂಬೂರಿ ಮೀಟಿ ರಾತ್ರಿಯಿಡೀ ಹಾಡುತ್ತಾರೆ.