ಬ್ಯಾಂಕಿಂಗ್ ಮನೆತನಗಳ ಕಾಗದಪತ್ರಗಳು: ಕರ್ನಾಟಕದಲ್ಲಿ ಸಂರಕ್ಷಣೆಯ ಇತಿಹಾಸ

ಲೇವಾದೇವಿ ನಡೆಸಿದ ಮನೆತನಗಳ ಖಾಸಗಿ ಪತ್ರ, ಕಿರ್ದಿ, ಖಾತೆ ಪುಸ್ತಕ, ಹುಂಡಿ, ಅಡಮಾನ ಪತ್ರಗಳನ್ನು ಉಳಿಸುವ ಕೆಲಸ ಇಲ್ಲಿನ ವಿಷಯ. ಕರ್ನಾಟಕದ ಬ್ಯಾಂಕುಗಳ ಬಗೆಗಿನ ಬರಹಗಳು ಬ್ಯಾಂಕಿನ ಚರಿತ್ರೆಯನ್ನೂ ಸ್ಥಾಪಕರ ಮನೆತನದ ಚರಿತ್ರೆಯನ್ನೂ ಒಂದೇ ಎಂದು ಎಣಿಸುವುದುಂಟು. ಕಾಗದಗಳ ಮಟ್ಟಿಗೆ ಎರಡೂ ಬೇರೆ ಬೇರೆ ದಾರಿ ಹಿಡಿದವು. ಮನೆಯವರ ಅಸಡ್ಡೆಗಿಂತ ಕಾನೂನೇ ಇದಕ್ಕೆ ಹೆಚ್ಚು ಕಾರಣ. ಬ್ಯಾಂಕುಗಳಿಗೆ ಮುಂಚೆ ಲೆಕ್ಕವಿರುತ್ತಿದ್ದದ್ದು ಕಡತದಲ್ಲಿ. ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಾದ್ದರಿಂದ ತೀರಿದ ಸಾಲದ ಗುರುತು ಉಳಿಯಲೇಬೇಕೆಂದಿರಲಿಲ್ಲ. ಶೃಂಗೇರಿ ಮಠದ ಕಡತಗಳು ಉಳಿದವು, ಏಕೆಂದರೆ ಅವುಗಳ ಬೆನ್ನಿಗೆ ತಲೆಮಾರುಗಳನ್ನು ದಾಟಿ ನಿಂತ ಸಂಸ್ಥೆಯೊಂದಿತ್ತು.

ಕರಾವಳಿಯ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ನಿಧಿ ಕೆನರಾ ಬ್ಯಾಂಕಾಯಿತು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕಟ್ಟಿದ್ದು ಸಿಂಡಿಕೇಟ್ ಬ್ಯಾಂಕಾಯಿತು. 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಆರಂಭಿಸಿದ, ಮುಂದೆ ಕಾರ್ಪೊರೇಷನ್ ಬ್ಯಾಂಕಾದ ಸಂಸ್ಥೆಯಲ್ಲಿ ಮೊದಲ ದಿನ ಸೇರಿದ್ದು 38 ರೂಪಾಯಿ 13 ಆಣೆ 2 ಪೈ. ಪೈ ಬಿಡದೆ ಈ ಮೊತ್ತ ಇಂದಿಗೂ ತಿಳಿದಿದೆಯೆಂದರೆ ಲೆಕ್ಕ ಬ್ಯಾಂಕಿನದಾಗಿತ್ತು. ಸಾಹೇಬರ ಮನೆಯೂ ಬ್ಯಾಂಕಿನ ಪರಂಪರಾ ಸಂಗ್ರಹಾಲಯವಾಗಿ, ನಾಣ್ಯಗಳ ಪ್ರದರ್ಶನದೊಂದಿಗೆ ಉಳಿಯಿತು. ನಾಣ್ಯ ನೋಡುವವನಿಗೆ ಹಣ ಕಾಣುತ್ತದೆ, ಸಾಲ ಕಾಣುವುದಿಲ್ಲ.

ನಿಜವಾದ ತಿರುವು ರಾಷ್ಟ್ರೀಕರಣದ್ದು. 1969ರಲ್ಲಿ ಕೆನರಾ, ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳು ಸರ್ಕಾರದ ಕೈಸೇರಿದವು. ಅವುಗಳ ದಾಖಲೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ವ್ಯಾಪ್ತಿಗೆ ಬಂತು, ಸ್ಥಾಪಕರ ಮನೆಯ ಪೆಟ್ಟಿಗೆ ಹೊರಗೇ ಉಳಿಯಿತು. ಒಳಗಿದ್ದದ್ದೂ ಸುರಕ್ಷಿತವೆನ್ನುವಂತಿಲ್ಲ: 1985ರ ನಿಯಮಗಳು ಬ್ಯಾಂಕಿನ ಕೆಲವು ಪುಸ್ತಕಗಳನ್ನು 5 ವರ್ಷ, ಕೆಲವನ್ನು 8 ವರ್ಷ ಇಟ್ಟರೆ ಸಾಕೆನ್ನುತ್ತವೆ. 2020ರ ಬ್ಯಾಂಕುಗಳ ವಿಲೀನದಲ್ಲಿ ಸಿಂಡಿಕೇಟ್, ಕಾರ್ಪೊರೇಷನ್ ಎಂಬ ಹೆಸರುಗಳೂ ಹೋದವು.

ಕೋಲಾರ ಚಿನ್ನದ ಗಣಿಯ ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಗಳಂಥ ಊರುಗಳಿಗೆ ಬ್ಯಾಂಕು, ಸ್ಥಾಪಕರ ಮನೆ ಎಂಬ ಈ ಚೌಕಟ್ಟು ಹೊಂದುವುದೇ ಇಲ್ಲ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ ಗಣಿ 1956ರಲ್ಲಿ ಮೈಸೂರು ಸರ್ಕಾರದ್ದಾಗಿ, ಆಮೇಲೆ ಕೇಂದ್ರದ ಕೈಗೆ ಹೋಗಿ, 2001ರಲ್ಲಿ ಮುಚ್ಚಿತು. ಅದರ ದಾಖಲೆ ಕಂಪನಿಯದು, ಸರ್ಕಾರದ್ದು. ಕೂಲಿಯವರ ಕೈಸಾಲ ಮಾತ್ರ ಸಾಹುಕಾರರ, ಗಿರವಿ ಅಂಗಡಿಗಳ ಪುಸ್ತಕದಲ್ಲಿತ್ತು. 1961ರ ಗಿರವಿದಾರರ ಕಾಯ್ದೆ ಲೆಕ್ಕ ಬರೆಯಬೇಕು, ಚೀಟಿ ಕೊಡಬೇಕು ಎಂದಿತು. 1976ರ ಋಣಪರಿಹಾರ ಕಾಯ್ದೆ ದುರ್ಬಲ ವರ್ಗದವರ ಸಾಲ ಮನ್ನಾ ಮಾಡಿತು. ನ್ಯಾಯದ ಕೆಲಸವೇ, ಆದರೆ ವಸೂಲಿಗೆ ಬಾರದ ಪುಸ್ತಕವನ್ನು ಜೋಪಾನ ಮಾಡಲು ಸಾಹುಕಾರನಿಗೆ ಕಾರಣವೇ ಉಳಿಯಲಿಲ್ಲ.

ಗಿರವಿ ಅಂಗಡಿಯನ್ನು ಬ್ಯಾಂಕಿಂಗ್ ಮನೆತನವೆನ್ನುವುದು ಹೆಚ್ಚಾಯಿತು ಎಂಬ ಆಕ್ಷೇಪವಿದೆ. ರಾತ್‌ಶೀಲ್ಡ್ ಮನೆತನದ ಕಾಗದಗಳಿಗೆ ಲಂಡನ್ನಿನಲ್ಲಿ ಪ್ರತ್ಯೇಕ ಪತ್ರಾಗಾರವೇ ಇದೆ. ಅದರ ಮುಂದೆ ಪೇಟೆಬೀದಿಯ ಕಿರ್ದಿ ಚಿಕ್ಕದೇ. ಆದರೂ ಮನೆ, ಅಂಗಡಿ, ತಿಜೋರಿ ಒಂದೇ ಸೂರಿನಡಿ ಇರುವಲ್ಲಿ ಮನೆಯ ಕಾಗದ, ವ್ಯವಹಾರದ ಕಾಗದ ಎಂಬ ಭೇದವಿಲ್ಲ. ಊರಿನ ಬಡ್ಡಿದರ ಹೇಳಬಲ್ಲದ್ದು ಆ ಕಿರ್ದಿಯೇ. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ತಾಳಿ ಅಡವಿಟ್ಟವರ ಹೆಸರು ಮೊಮ್ಮಕ್ಕಳ ಕಾಲದಲ್ಲಿ ಬಯಲಾಗಬೇಕೆ? ಬೇಡ. ಹಾಗೆಂದು ಸುಡಬೇಕಾಗಿಲ್ಲ, ಇಂತಿಷ್ಟು ವರ್ಷ ತೆರೆಯಬಾರದೆಂಬ ಷರತ್ತು ಹಾಕಿ ಒಪ್ಪಿಸಬಹುದು. 1993ರ ಕಾಯ್ದೆಯೇ ಖಾಸಗಿಯವರ ಮಹತ್ವದ ದಾಖಲೆಗಳನ್ನು ಕೊಡುಗೆಯಾಗಿ ಅಥವಾ ಕ್ರಯಕ್ಕೆ ಪಡೆಯಲು ರಾಷ್ಟ್ರೀಯ ಪತ್ರಾಗಾರಕ್ಕೆ ಅವಕಾಶ ಕೊಟ್ಟಿದೆ. ಹಳೆಯ ಕಿರ್ದಿಗಳಿರುವ ಮನೆಯವರು ಅವನ್ನು ರದ್ದಿಗೆ ತೂಗುವ ಮುನ್ನ ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆಯನ್ನು ಒಮ್ಮೆ ವಿಚಾರಿಸಬೇಕು.