ಬೆಳಗಾವಿಯ ಠುಮರಿ, ಜರ್ಮನಿಯ ರಾಕ್

ಭಾಗ 1

ಎರಡು ನಿಮಿಷ ಸ್ಕ್ರೋಲ್ ಮಾಡೋದು ನಿಲ್ಲಿಸ್ರಿ. ಒಂದು ಪ್ರಶ್ನೆ ಐತಿ. 1977ರಲ್ಲಿ ಜರ್ಮನಿಯ ಒಂದು ಹುಚ್ಚು ರಾಕ್ ಬ್ಯಾಂಡ್ ಹೊರತಂದ ರೆಕಾರ್ಡಿನಲ್ಲಿ ಹಾಡಿದ, ಬೆಳಗಾವಿಯಲ್ಲಿ ಹುಟ್ಟಿದ ಗಾಯಕಿ ಯಾರು?

ಗೂಗಲ್ ಮಾಡಬ್ಯಾಡ್ರಿ, ನಾನೇ ಹೇಳ್ತೀನಿ. ಶೋಭಾ ಗುರ್ಟು. ಠುಮರಿಯ ರಾಣಿ ಅಂತ ದೇಶವೆಲ್ಲ ಕರೆದದ್ದು ಇವರನ್ನೇ. ಬ್ಯಾಂಡಿನ ಹೆಸರು ಎಂಬ್ರಿಯೋ, ಆಲ್ಬಮ್ಮಿನ ಹೆಸರು ‘ಅಪೋ-ಕ್ಯಾಲಿಪ್ಸೋ’. ಹೆಸರೇ ಅರ್ಧ ತಮಾಷೆ. ಜಗತ್ತಿನ ಅಂತ್ಯ ಅನ್ನೋ ಅರ್ಥದ ಅಪೋಕ್ಯಾಲಿಪ್ಸ್ ಒಳಗೆ ಕೆರಿಬಿಯನ್ ದ್ವೀಪಗಳ ಕುಣಿತದ ಹಾಡು ಕ್ಯಾಲಿಪ್ಸೋನ ತುರುಕಿದ್ದಾರೆ.

ಕೊಣ್ಣೂರ, ಗೋಕಾಕ ಕಡೆಯ ನಮಗೆ ಬೆಳಗಾವಿ ಅಂದ್ರೆ ಡಿಸಿ ಆಫೀಸು, ಕಾಲೇಜು, ಕುಂದಾ. ಆ ಊರಿಂದ ಹೊರಟ ಒಂದು ದನಿ ಜರ್ಮನ್ ರಾಕ್ ತನಕ ಹೋಗಿತ್ತು ಅಂತ ನಮಗ್ಯಾರೂ ಹೇಳಿಲ್ಲ. ಆ ಆಲ್ಬಂ ಅದ್ಭುತವೇನಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಎಡವಟ್ಟು ಭಾಳ ಐತಿ. ಆದರೂ ಇದು ಕೇಳಬೇಕಾದ ಕಥೆ.

ಭಾಗ 2

ಸುಳೇಭಾವಿ ನಿಮಗೆ ಗೊತ್ತು, ನಮ್ಮ ಕಡೆಯಿಂದ ಬೆಳಗಾವಿಗೆ ಹೋಗೋ ರೈಲು ಮಾರ್ಗದ ಊರು. ಅಲ್ಲಿ 1924ರ ಏಪ್ರಿಲ್ 8ರಂದು ಶಿವಪುತ್ರ ಕೋಮಕಲಿ ಹುಟ್ಟಿದರು, ಮುಂದೆ ಕುಮಾರ ಗಂಧರ್ವ ಆದವರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಲ್ಲಿ ಹಾಡಿದ ಸಣ್ಣ ಹುಡುಗಿ ಗಂಗೂಬಾಯಿ ಹಾನಗಲ್. ಅದಾಗಿ ಒಂದೂವರೆ ತಿಂಗಳಿಗೆ, 1925ರ ಫೆಬ್ರವರಿ 8ರಂದು, ಬೆಳಗಾವಿಯಲ್ಲಿ ಭಾನುಮತಿ ಶಿರೋಡಕರ್ ಹುಟ್ಟಿದರು. ಮದುವೆಯಾದ ಮೇಲೆ ಶೋಭಾ ಗುರ್ಟು ಆದದ್ದು ಇವರೇ. ಒಂದೇ ವರ್ಷದೊಳಗೆ ಒಂದೇ ಜಿಲ್ಲೆಯಲ್ಲಿ ಇಷ್ಟೆಲ್ಲ!

ತಾಯಿ ಮೇನಕಾಬಾಯಿ ಶಿರೋಡಕರ್ ವೃತ್ತಿಯಿಂದ ನರ್ತಕಿ, ಜೊತೆಗೆ ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಶಿಷ್ಯೆ. ಖಾನ್‌ಸಾಹೇಬರು ಇದ್ದದ್ದು ಕೊಲ್ಹಾಪುರದಲ್ಲಿ. ಅವರ ಮಗ ಭುರ್ಜಿ ಖಾನರ ಹತ್ತಿರ ಭಾನುಮತಿಯ ಪಾಠ ಶುರುವಾಯಿತು. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರೂ ಇದೇ ಭುರ್ಜಿ ಖಾನರಿಂದ ಕಲಿತವರು. ಅಂದರೆ ಈ ಜರ್ಮನ್ ರಾಕ್ ರೆಕಾರ್ಡಿನ ಗಾಯಕಿ ಮತ್ತು ಮನಸೂರ ಅಜ್ಜ ಒಂದೇ ಗುರುವಿನ ಶಿಷ್ಯರು. ಇದನ್ನ ಎರಡು ಸಲ ಓದ್ರಿ.

ಮುಂದೆ ಅವರಿಗೆ ಠುಮರಿ, ದಾದ್ರಾ ಹೇಳಿಕೊಟ್ಟವರು ಘಮ್ಮನ್ ಖಾನ್. ಬೆಳಗಾವಿಯಲ್ಲಿದ್ದ ವಿಶ್ವನಾಥ ಗುರ್ಟು ಅವರೊಂದಿಗೆ ಮದುವೆ ಆಯಿತು. ಮಾವ ನಾರಾಯಣನಾಥ ಗುರ್ಟು ಬೆಳಗಾವಿ ಪೊಲೀಸ್ ಇಲಾಖೆಯಲ್ಲಿ ದೊಡ್ಡ ಅಧಿಕಾರಿ, ಆದರೆ ಸಿತಾರ್ ಕೂಡ ನುಡಿಸುತ್ತಿದ್ದರು. ಸೊಸೆ ಹಾಡಿದರೆ ಬೇಡ ಅನ್ನೋ ಮನೆ ಅದಲ್ಲ.

ಭಾಗ 3

ಈಗ ಅಲ್ಲಿಂದ ಮ್ಯೂನಿಕ್‌ಗೆ ಹಾರೋಣ.

1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಪ್ರೊಗ್ರೆಸಿವ್ ರಾಕ್ ಬಂತು. ಮೂರು ನಿಮಿಷದ ಪ್ರೇಮಗೀತೆ ಸಾಕು ಅಂತ ಹೇಳಿ, ಒಂದೇ ಹಾಡಿಗೆ ರೆಕಾರ್ಡಿನ ಒಂದು ಬದಿಯನ್ನೇ ಕೊಟ್ಟವರು ಇವರು. ಪಿಂಕ್ ಫ್ಲಾಯ್ಡ್ ನಿಮಗೆ ಗೊತ್ತು, ಟೀ ಶರ್ಟ್ ಮೇಲಾದರೂ ನೋಡಿರ್ತೀರಿ.

ಜರ್ಮನಿಯ ಹುಡುಗರಿಗೆ ಇನ್ನೊಂದು ಸಂಕಟ ಇತ್ತು. ಅವರ ಅಪ್ಪಂದಿರ ಕಾಲ ಹಿಟ್ಲರನ ಕಾಲ. ಆ ಪರಂಪರೆ ಬೇಡ, ಹಂಗಂತ ಅಮೆರಿಕ-ಇಂಗ್ಲೆಂಡಿನ ನಕಲೂ ಬೇಡ. ಹಾಗಾದರೆ ಯಾವುದು? ಕೆಲವರು ಯಂತ್ರದ ಸದ್ದಿನ ಹಿಂದೆ ಹೋದರು, ಕೆಲವರು ಪೂರ್ವಕ್ಕೆ ಮುಖ ಮಾಡಿದರು. ಬ್ರಿಟಿಷ್ ಪತ್ರಿಕೆಗಳು ಇವರನ್ನೆಲ್ಲ ಸೇರಿಸಿ ‘ಕ್ರೌಟ್‌ರಾಕ್’ ಅಂತ ಹೆಸರಿಟ್ಟವು. ಕ್ರೌಟ್ ಅನ್ನೋದು ಅವರ ಕ್ಯಾಬೀಜಿನ ಉಪ್ಪಿನಕಾಯಿಂದ ಬಂದ, ಜರ್ಮನ್ನರನ್ನು ಆಡಿಕೊಳ್ಳೋ ಮಾತು.

ಎಂಬ್ರಿಯೋ ಹುಟ್ಟಿದ್ದು 1969ರಲ್ಲಿ, ಮ್ಯೂನಿಕ್‌ನಲ್ಲಿ. ಕ್ರಿಶ್ಚಿಯನ್ ಬುರ್ಕಾರ್ಡ್ ಡ್ರಮ್ಸ್ ಮತ್ತು ವೈಬ್ರಫೋನ್, ಎಡ್ಗರ್ ಹಾಫ್‌ಮನ್ ಸ್ಯಾಕ್ಸಫೋನ್ ಮತ್ತು ಪಿಟೀಲು. ಇವರು ಜಾಝ್, ಫಂಕ್, ಆಫ್ರಿಕಾದ ತಾಳ ಎಲ್ಲ ಒಂದೇ ಪಾತ್ರೆಗೆ ಹಾಕುತ್ತಿದ್ದರು. ದೊಡ್ಡ ಕಂಪನಿಗಳ ಕಾಟ ಬೇಡ ಅಂತ 1976ರಲ್ಲಿ ಬೇರೆ ಬ್ಯಾಂಡುಗಳ ಜೊತೆ ಸೇರಿ ‘ಏಪ್ರಿಲ್’ ಅನ್ನೋ ಸ್ವಂತ ಲೇಬಲ್ ಮಾಡಿಕೊಂಡರು. ‘ಅಪೋ-ಕ್ಯಾಲಿಪ್ಸೋ’ ಬಂದದ್ದು ಅದರಲ್ಲೇ. ಇದು ಮುಖ್ಯ, ಯಾಕಂದ್ರ ಹೀಗೆ ಮಾಡಬ್ಯಾಡ್ರಿ, ಮಾರಾಟ ಆಗೋದಿಲ್ಲ ಅಂತ ಹೇಳೋ ಮ್ಯಾನೇಜರ್ ಅಲ್ಲಿ ಯಾರೂ ಇರಲಿಲ್ಲ.

ಶೋಭಾ ಅವರ ಮಗ ತ್ರಿಲೋಕ್ ಗುರ್ಟು ಈ ಕಥೆಯೊಳಗೆ ಬರೋದು ಇಲ್ಲೇ. 1951ರಲ್ಲಿ ಮುಂಬೈಯಲ್ಲಿ ಹುಟ್ಟಿದ, ಚಿಕ್ಕಂದಿನಿಂದ ತಬಲಾ ಕಲಿತ ಹುಡುಗ. ಪಾಶ್ಚಾತ್ಯ ಸಂಗೀತ ಕಲಿತದ್ದು ಜಿಮಿ ಹೆಂಡ್ರಿಕ್ಸ್, ಜಾನ್ ಕೋಲ್ಟ್ರೇನ್ ರೆಕಾರ್ಡು ಕೇಳಿ. ಸ್ಟುಡಿಯೋದಲ್ಲಿ ಒಂದರ ಮೇಲೊಂದು ಟ್ರ್ಯಾಕ್ ಹೇರಿ ಧ್ವನಿಮುದ್ರಣ ಮಾಡ್ತಾರ ಅಂತ ಆತನಿಗೆ ಗೊತ್ತೇ ಇರಲಿಲ್ಲ. ಎಲ್ಲವನ್ನೂ ಒಬ್ಬನೇ ನುಡಿಸ್ತಾನೆ ಅಂತ ತಿಳಿದು ಅಷ್ಟೂ ಪೆಟ್ಟುಗಳನ್ನು ಒಟ್ಟಿಗೇ ಕಲಿಯೋಕೆ ಹೊರಟ. ಇದನ್ನು ಅವರೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ತಪ್ಪು ತಿಳುವಳಿಕೆಯಿಂದ ಇಷ್ಟು ಲಾಭ ಆದದ್ದು ನಾ ಬೇರೆಲ್ಲೂ ನೋಡಿಲ್ಲ.

‘ಅಪೋ-ಕ್ಯಾಲಿಪ್ಸೋ’ ಆಲ್ಬಮ್ಮಿನ ಶೀರ್ಷಿಕೆ ಹಾಡು ತ್ರಿಲೋಕ್ ಅವರ ಮೊಟ್ಟಮೊದಲ ಧ್ವನಿಮುದ್ರಣಗಳಲ್ಲಿ ಒಂದು. ಅದೇ ರೆಕಾರ್ಡಿನಲ್ಲಿ ತಾಯಿಯ ದನಿ. ಮಗನಿಗೆ ಇಪ್ಪತ್ತೈದು ದಾಟಿತ್ತು, ತಾಯಿಗೆ ಐವತ್ತೆರಡು. ನಿಮ್ಮ ಬ್ಯಾಂಡ್ ಪ್ರಾಕ್ಟೀಸಿಗೆ ನಿಮ್ಮ ಅವ್ವ ಬಂದು ಮೈಕ್ ಮುಂದೆ ಕೂತಾರೆ ಅಂತ ಅಂದುಕೊಳ್ರಿ.

ಭಾಗ 4

ಇದು ಸ್ವಲ್ಪ ಉದ್ದ ಐತಿ, ಯಾಕಂದ್ರ ಅಸಲಿ ವಿಷಯ ಇರೋದು ಇಲ್ಲೇ. ಇಂಥ ಆಲ್ಬಂ ಯಾಕೆ ಏರುಪೇರು ಆಗ್ತದ?

ನನಗೆ ಕೇಳಿಸಿದ್ದು ಹೇಳ್ತೀನಿ. ಫಂಕ್ ತಾಳ ಗಟ್ಟಿಯಾಗಿ ಹಿಡಿದಾಗ ತಲೆ ತಾನೇ ಆಡ್ತದ. ಇನ್ನೊಂದು ಕಡೆ ಎಲ್ಲರೂ ಒಟ್ಟಿಗೆ ನುಡಿಸ್ತಾ ಹೋಗ್ತಾರೆ, ಎಲ್ಲಿಗೆ ಅಂತ ಅವರಿಗೂ ಗೊತ್ತಿಲ್ಲ. ಆದರೆ ಇದನ್ನು ಬರೀ ಬ್ಯಾಂಡಿನ ಅಶಿಸ್ತು ಅಂದರೆ ತಪ್ಪಾಗ್ತದ. ಠುಮರಿ ಮತ್ತು ರಾಕ್ ಒಂದು ಕೋಣೆಗೆ ಬಂದಾಗ ನಿಜವಾದ ಜಗಳಗಳೇ ಇವೆ.

ಮೊದಲನೆಯದು ಷಡ್ಜ. ನಮ್ಮ ಗಾಯಕಿ ತನ್ನ ಕಂಠಕ್ಕೆ ಒಗ್ಗುವ ‘ಸಾ’ ಆರಿಸಿಕೊಳ್ತಾಳೆ, ತಂಬೂರಿ ಅಲ್ಲೇ ನಿಲ್ಲುತ್ತದೆ, ಕೊನೆತನಕ ಕದಲೋದಿಲ್ಲ. ರಾಕ್‌ನಲ್ಲಿ ಕೆಳಗಿನ ಕಾರ್ಡ್ ಬದಲಾಗ್ತಾನೇ ಇರ್ತದ. ಹಾಡುವವರು ನಿಂತ ನೆಲವನ್ನೇ ಎಳೆದಂಗ ಅದು. ಇನ್ನು ಕೀಬೋರ್ಡಿನ ಸ್ವರಗಳು ಹನ್ನೆರಡು ಮೆಟ್ಟಿಲು. ಠುಮರಿಯ ಮೀಂಡ್ ಮೆಟ್ಟಿಲಲ್ಲ, ಜಾರುಬಂಡಿ.

ಆಮೇಲೆ ತಾಳ. ಠುಮರಿಯಲ್ಲಿ ಒಂದೇ ಸಾಲನ್ನು ಹತ್ತು ಬಗೆಯಲ್ಲಿ ಹಾಡಿ, ಪ್ರತಿ ಸಲ ಬೇರೆ ಅರ್ಥ ಹೊರಡಿಸೋದಕ್ಕೆ ‘ಬೋಲ್ ಬನಾವ್’ ಅಂತಾರೆ. ಅದಕ್ಕೆ ವಿರಾಮ ಬೇಕು. ತಬಲಾ ಹಿಂದೆ ಸರಿದು ಕೂತಿರ್ತದ, ಕೊನೆಗೆ ‘ಲಗ್ಗಿ’ ಬಂದಾಗ ಮಾತ್ರ ತಬಲಾದವರಿಗೆ ಬಿಡುಗಡೆ. ರಾಕ್‌ನಲ್ಲಿ ಉಲ್ಟಾ: ಡ್ರಮ್ಸ್ ಮುಂದೆ, ಹಾಡು ಅದರ ಹಿಂದೆ ಓಡಬೇಕು.

ಮತ್ತೆ ಅಭಿನಯ. ಶೋಭಾ ಅವರ ಠುಮರಿಯ ಅರ್ಧ ಪಾಲು ಇದ್ದದ್ದು ಕಣ್ಣು, ಕೈಗಳಲ್ಲಿ. ತಾಯಿ ನರ್ತಕಿ, ಆ ಪಾಠ ಮನೆಯಲ್ಲೇ ಸಿಕ್ಕಿತ್ತು. ಅದು ರೆಕಾರ್ಡಿನ ಮೇಲೆ ಬರೋದು ಹೆಂಗ?

ಇಷ್ಟೆಲ್ಲ ಇದ್ದರೂ ಅವರು ಯಾಕೆ ಒಪ್ಪಿದರು? ನನ್ನ ಊಹೆ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು. ಜೈಪುರ ಘರಾಣೆಯ ಖಯಾಲ್ ಅಂದ್ರೆ ಬಿಗಿ ಶಿಸ್ತು. ಅಪರೂಪದ ರಾಗ, ಎರಡು ರಾಗ ಹೆಣೆದ ಜೋಡ್ ರಾಗ, ಒಂದು ಸ್ವರ ತಪ್ಪಿದರೂ ತಪ್ಪೇ. ಠುಮರಿ ಹಂಗಲ್ಲ. ಖಮಾಜಿನಲ್ಲಿ ಶುರು ಮಾಡಿ, ಪಕ್ಕದ ರಾಗಗಳ ಬಾಗಿಲು ಬಡಿದು, ಭಾವ ಕೇಳಿದ ಕಡೆ ಹೋಗಿ ತಿರುಗಿ ಬರಬಹುದು. ಇದೇ ಸಡಿಲಿಕೆಗೆ, ಇದನ್ನು ಕೋಠೆಗಳಲ್ಲಿ ಹಾಡಿ ಉಳಿಸಿಕೊಂಡು ಬಂದವರು ತವಾಯಫ್ ಹೆಣ್ಣುಮಕ್ಕಳು ಅನ್ನೋದಕ್ಕೆ, ದೊಡ್ಡ ಪಂಡಿತರು ಠುಮರಿಯನ್ನು ‘ಲಘು’ ಅಂತ ಕೆಳಗೆ ಕೂರಿಸಿದರು. ಪರರಾಗಕ್ಕೆ ಹೋಗಿ ಮನೆಗೆ ತಿರುಗಿ ಬರೋದು ದಿನಾ ಮಾಡೋ ಗಾಯಕಿಗೆ ಜರ್ಮನರ ಫಂಕ್ ಇನ್ನೊಂದು ಪಕ್ಕದ ಮನೆ ಅನಿಸಿರಬೇಕು.

ಇನ್ನೊಂದು ಮಾತು. ಮರುವರ್ಷ, 1978ರಲ್ಲಿ, ‘ಮೈ ತುಳಸಿ ತೇರೆ ಆಂಗನ್ ಕೀ’ ಹಿಂದಿ ಸಿನಿಮಾಕ್ಕೆ ಠುಮರಿ ಹಾಡಿ ಫಿಲ್ಮ್‌ಫೇರ್ ನಾಮನಿರ್ದೇಶನ ಪಡೆದದ್ದೂ ಇವರೇ. ಒಂದು ವರ್ಷ ಮ್ಯೂನಿಕ್ ಬ್ಯಾಂಡ್, ಮುಂದಿನ ವರ್ಷ ಬಾಲಿವುಡ್.

ಭಾಗ 5

ಎಂಬ್ರಿಯೋದವರು ಅಷ್ಟಕ್ಕೇ ಬಿಡಲಿಲ್ಲ. 1978ರಲ್ಲಿ ಬಸ್ಸು ಕಟ್ಟಿಕೊಂಡು ರಸ್ತೆ ಮೇಲೆಯೇ ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ ಬಂದರು, ದಾರಿಯಲ್ಲಿ ಸಿಕ್ಕ ಕಲಾವಿದರ ಜೊತೆ ನುಡಿಸುತ್ತಾ. ‘ಎಂಬ್ರಿಯೋಸ್ ರೈಸೆ’ ಅಂತ ಜೋಡಿ ರೆಕಾರ್ಡು ಬಂತು. ರೈಸೆ ಅಂದರೆ ಜರ್ಮನ್‌ನಲ್ಲಿ ಪ್ರಯಾಣ. 1980ರ ‘ಲೈಫ್’ ಆಲ್ಬಮ್ಮಿನ ಮೇಲೆ ಅವರ ಹೆಸರಿನ ಪಕ್ಕದಲ್ಲಿ ನಮ್ಮ ಬೆಂಗಳೂರಿನ ‘ಕರ್ನಾಟಕ ಕಾಲೇಜ್ ಆಫ್ ಪರ್ಕಶನ್’ ಹೆಸರೂ ಐತಿ. ಮೃದಂಗದ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಸಂಸ್ಥೆ, ಗಾಯಕಿ ಆರ್.ಎ. ರಮಾಮಣಿ. ಅವರದ್ದೇ ಬೇರೆ ಸರಣಿ ಆಗಬೇಕು, ಮಾಡ್ತೀನಿ.

ತ್ರಿಲೋಕ್ ಯುರೋಪಿನಲ್ಲಿ ದೊಡ್ಡ ಹೆಸರಾದರು. ನೆಲದ ಮೇಲೆ ಕೂತೇ ಡ್ರಮ್ಸ್, ತಬಲಾ ಎರಡೂ ನುಡಿಸೋದು, ಗಂಟೆ-ಜಾಗಟೆ ಬಾರಿಸಿ ನೀರಿನ ಬಕೆಟ್ಟಿನಲ್ಲಿ ಅದ್ದಿ ಸ್ವರ ಬಾಗಿಸೋದು. ವಿಡಿಯೋ ಹುಡುಕಿ ನೋಡ್ರಿ, ಮಜಾ ಐತಿ. 1988ರಲ್ಲಿ ಅವರ ಮೊದಲ ಸ್ವಂತ ಆಲ್ಬಂ ‘ಉಸ್‌ಫ್ರೆಟ್’ ಬಂತು. ಟ್ರಂಪೆಟ್‌ಗೆ ಡಾನ್ ಚೆರ್ರಿ, ಪಿಟೀಲಿಗೆ ಎಲ್. ಶಂಕರ್, ಗಿಟಾರಿಗೆ ರಾಲ್ಫ್ ಟೌನರ್. ಹಾಡಿಗೆ ಮತ್ತೆ ಅವ್ವನೇ. ಮೊದಲ ಟ್ರ್ಯಾಕಿನ ಹೆಸರು ‘ಶೋಭಾರಾಕ್’.

ಹನ್ನೊಂದು ವರ್ಷದ ಹಿಂದಿನ ಜಗಳ ಇಲ್ಲಿ ಹೆಂಗ ಬಗೆಹರಿದದ ಕೇಳಿ ನೋಡ್ರಿ. ಇಲ್ಲಿ ತಾಳ ಹಿಡಿದವನು ಚಿಕ್ಕಂದಿನಿಂದ ಆ ದನಿಯ ಪಕ್ಕದಲ್ಲೇ ಬೆಳೆದವನು. ಆಕೆ ಎಲ್ಲಿ ಉಸಿರು ಬಿಡ್ತಾಳೆ ಅಂತ ಗೊತ್ತಿದ್ದವನು. ಮುಂದೆ ಇಂಗ್ಲೆಂಡಿನ ತಲ್ವಿನ್ ಸಿಂಗ್, ನಿತಿನ್ ಸಾಹನಿ ತಲೆಮಾರಿನ ಹುಡುಗರಿಗೆ ಈ ಆಲ್ಬಂ ಪ್ರೇರಣೆಯಾಯಿತು.

ಶೋಭಾ ಅವರಿಗೆ 1987ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರಲ್ಲಿ ಪದ್ಮಭೂಷಣ ಬಂತು. 2004ರ ಸೆಪ್ಟೆಂಬರ್ 27ರಂದು ಮುಂಬೈಯಲ್ಲಿ ತೀರಿಕೊಂಡರು. ಗಡಿ ವಿಷಯಕ್ಕೆ ಕನ್ನಡ-ಮರಾಠಿ ಅಂತ ಇಷ್ಟು ವರ್ಷ ಜಗಳ ಆಡಿದ ನಾವು, ಇವರು ನಮ್ಮವರು ಅಂತ ಜಗಳ ಆಡಿದ್ದು ನಾನಂತೂ ಕೇಳಿಲ್ಲ.

ಕೇಳೋ ಕ್ರಮ ಹೇಳಿಬಿಡ್ತೀನಿ. ಮೊದಲು ಅವರ ಯಾವುದಾದರೂ ಒಂದು ಪೂರ್ತಿ ಠುಮರಿ, ಹೆಡ್‌ಫೋನ್ ಹಾಕಿ. ಆಮೇಲೆ ‘ಅಪೋ-ಕ್ಯಾಲಿಪ್ಸೋ’, ಬೇಸರ ಬಂದರೂ ಕೊನೆತನಕ. ಕಡೆಗೆ ‘ಶೋಭಾರಾಕ್’. ಕೇಳಿದವರು ಕಮೆಂಟ್‌ನಾಗ ಬರೀರಿ, ನಾಳೆ ಕ್ಲಾಸಿನಾಗ ಸಿಗೋರು ಎದುರಿಗೇ ಹೇಳ್ರಿ.